ಮಿಡತೆಯ ಮೊಣಕೈ

ಹದಿಮೂರರ ಆ ಹುಡುಗಿಗೆ ತಂಡದವರು ಇಟ್ಟ ಹೆಸರು ಮಿಡತೆ. ಕಾಲು ಉದ್ದ, ಕೈ ಇನ್ನೂ ಉದ್ದ. ಬೇಸ್‌ಬಾಲ್ ಮೈದಾನದ ನಡುವಿನ ದಿಬ್ಬದ ಮೇಲೆ ನಿಂತು ಅವಳು ಚೆಂಡು ಎಸೆದಳೆಂದರೆ ಎದುರಿನ ಬ್ಯಾಟು ಗಾಳಿಯನ್ನಷ್ಟೇ ಹೊಡೆಯುತ್ತಿತ್ತು.

ಅವಳಪ್ಪ ಮನೆಗಳಿಗೆ ಬಣ್ಣ ಬಳಿಯುವವನು. ಯಾರ ಮನೆಗೆ ಹೋದರೂ ಮೊದಲು ಮಗಳ ಕಥೆ, ಆಮೇಲೆ ಬ್ರಷ್ಷು. ತಂಡದ ಅಭ್ಯಾಸ ಮುಗಿಸಿ ಸುಸ್ತಾಗಿ ಬಂದವಳನ್ನು ಮನೆಯ ಹಿಂದಿನ ಓಣಿಗೆ ಕರೆದೊಯ್ದು, "ಇನ್ನೊಂದೈವತ್ತು ಎಸಿ ಮಗಳೇ, ಕೈ ಪಳಗಲಿ" ಎನ್ನುತ್ತಿದ್ದ. ಅವಳು ಎಸೆಯುತ್ತಿದ್ದಳು.

ಮೇಲಿನ ಮಹಡಿಯಲ್ಲಿ ಅಪ್ಪನ ಅಕ್ಕ ಇದ್ದಳು, ಫಿಸಿಯೋಥೆರಪಿಸ್ಟ್. ಒಂದು ಬೆಳಿಗ್ಗೆ ಪೇಪರ್ ತೆಗೆದುಕೊಳ್ಳಲು ಕೆಳಗಿಳಿದವಳು ತಮ್ಮನ ಮಗಳು ಎಡಗೈಯಲ್ಲಿ ಹಲ್ಲುಜ್ಜುವುದನ್ನು ಕಂಡಳು.

"ಯಾಕೆ, ಬಲಗೈಗೆ ರಜಾನಾ?"

"ಸುಮ್ನೆ ಅತ್ತೆ."

ಅತ್ತೆ ಅವಳ ಮೊಣಕೈಯ ಒಳಬದಿಯನ್ನು ಮೆಲ್ಲಗೆ ಒತ್ತಿದಳು. ಮಿಡತೆ ನಿಂತಲ್ಲೇ ಒಂದಡಿ ಹಾರಿದಳು.

ಡಾಕ್ಟರು ಎಕ್ಸ್-ರೇ ನೋಡಿ, ಮೂಳೆ ಬೆಳೆಯುವ ಜಾಗಕ್ಕೆ ಪೆಟ್ಟಾಗಿದೆ, ಸದ್ಯ ಬಿರುಕು ಬಿಟ್ಟಿಲ್ಲ, ಆರು ವಾರ ಚೆಂಡು ಎಸೆಯುವಂತಿಲ್ಲ ಎಂದರು. ಮಗಳು ಅತ್ತಳು. ಅಪ್ಪನ ಮುಖ ಸುಣ್ಣದಂತಾಯಿತು.

"ಎಸಿ ಎಸಿ ಅಂದವನು ನಾನೇ ಅಲ್ವಾ, ಅಕ್ಕಾ?"

"ಹೌದು, ನೀನೇ. ಈಗ ತಲೆ ಮೇಲೆ ಕೈ ಹೊತ್ತು ಕೂತ್ರೆ ಏನು ಬಂತು? ಚೆಂಡು ಎಸೆಯೋದು ಕೈ ಒಂದೇ ಅಲ್ಲ ಕಣೋ. ಕಾಲು, ಸೊಂಟ, ಬೆನ್ನು, ಭುಜ ಎಲ್ಲಾ ಸೇರಿ ಎಸೀಬೇಕು. ಅವು ಮೈಗಳ್ಳತನ ಮಾಡಿದ್ರೆ ಭಾರವೆಲ್ಲ ಮೊಣಕೈ ಮೇಲೆ ಬೀಳತ್ತೆ. ನೋವು ಇಳೀಲಿ, ಅವನ್ನೆಲ್ಲ ಗಟ್ಟಿ ಮಾಡೋಣ. ಅಂದ ಹಾಗೆ, ಛಾವಣಿಗೆ ಬಣ್ಣ ಹೊಡೆದೂ ಹೊಡೆದೂ ನಿನ್ನ ಭುಜನೂ ಕಟಕಟ ಅಂತಿದೆ. ನೀನೂ ಮಾಡು."

ಎರಡು ವಾರದ ನಂತರ ಶುರುವಾಯಿತು. ಬಾಗಿಲ ಹಿಡಿಗೆ ಕಟ್ಟಿದ ರಬ್ಬರ್ ಪಟ್ಟಿಯನ್ನು ನಿಧಾನವಾಗಿ ಎಳೆಯುವುದು, ಬಸ್ಕಿ, ಒಂಟಿಕಾಲಿನಲ್ಲಿ ನಿಲ್ಲುವುದು. ಒಂಟಿಕಾಲಿನಲ್ಲಿ ನಿಂತ ಅಪ್ಪ ಆಯತಪ್ಪಿ ಒಗೆಯುವ ಬಟ್ಟೆಯ ಬುಟ್ಟಿಯೊಳಗೆ ಕುಳಿತ. ಮೊಣಕೈ ಊರಿ ಮೈಯನ್ನು ಹಲಗೆಯಂತೆ ಹಿಡಿಯುವಾಗ ಮಿಡತೆ ಕೂಗಿದಳು: "ಅಪ್ಪಾ, ನಿನ್ನ ಹೊಟ್ಟೆ ನೆಲಕ್ಕೆ ತಾಗ್ತಿದೆ!"

"ಅದು ಯಾವಾಗ್ಲೂ ತಾಗತ್ತೆ ಕಣೇ. ಅದನ್ನ ಲೆಕ್ಕಕ್ಕೆ ತಗೋಬೇಡ."

ಆಟದ ದಿನಗಳಲ್ಲಿ ಬೆಂಚಿನ ಮೇಲೆ ಕುಳಿತು ನೋಡುವುದು ಮಾತ್ರ ಅವಳಿಗೆ ಹಿಂಸೆಯಾಗುತ್ತಿತ್ತು. ಆದರೂ ಕುಳಿತಳು. ಏಳನೆಯ ವಾರ ಹತ್ತೇ ಎಸೆತ, ಮರುವಾರ ಇಪ್ಪತ್ತು. ಚೆಂಡು ಕಾಲಿನಿಂದಲೇ ಹೊರಟು ಬೆನ್ನು ಹಾದು ಬೆರಳಿಗೆ ಬಂದಂತೆ ಅನಿಸಿ ಅವಳಿಗೇ ಸೋಜಿಗವಾಯಿತು.

ಮೂರು ತಿಂಗಳ ಮೇಲೆ ಅವಳು ಪಂದ್ಯಕ್ಕಿಳಿದಳು. ಕೋಚ್ ಐವತ್ತು ಎಸೆತದ ಮಿತಿ ಹಾಕಿದ್ದರು. ತಂಡ ಒಂದು ರನ್ ಮುಂದಿತ್ತು, ಇನ್ನೊಬ್ಬಳನ್ನು ಔಟ್ ಮಾಡಿದರೆ ಗೆಲುವು. ಅಪ್ಪ ದಡಬಡ ಎದ್ದು ನಿಂತದ್ದನ್ನು ಕಂಡು, ಇನ್ನೊಂದೆಸಿ ಎನ್ನುತ್ತಾನೆಂದೇ ಎಲ್ಲರೂ ಎಣಿಸಿದರು.

"ಸಾರ್, ಐವತ್ತಾಯ್ತು! ಇಳಿಸಿ ಅವಳನ್ನ!"

ಮೈದಾನವೆಲ್ಲ ನಕ್ಕಿತು. ಮಿಡತೆ ಕಿವಿಯವರೆಗೂ ಕೆಂಪಾಗಿ ಚೆಂಡನ್ನು ಗೆಳತಿಯ ಕೈಗಿತ್ತು ಬಂದಳು. ಗೆಳತಿ ಮೂರನೆಯ ಎಸೆತಕ್ಕೇ ಕೊನೆಯವಳನ್ನು ಔಟ್ ಮಾಡಿ ಆಟ ಮುಗಿಸಿದಳು.

"ಮಾನ ಕಳೆದೆ ಅಪ್ಪ" ಎಂದಳು ಮಿಡತೆ ಮನೆಯ ದಾರಿಯಲ್ಲಿ.

"ಕೈ ಉಳೀತಲ್ಲ. ನೋವಿದೆಯಾ?"

ಅವಳು ಕೈಯನ್ನು ಗಿರಗಿರ ತಿರುಗಿಸಿ ತೋರಿಸಿದಳು. "ಚೂರೂ ಇಲ್ಲ."

ಮುಂದಿನ ಭಾನುವಾರ ತಂಡದ ಹುಡುಗಿಯರೆಲ್ಲ ರಬ್ಬರ್ ಪಟ್ಟಿ ಹಿಡಿದು ಓಣಿಗೆ ಬಂದರು. ಅತ್ತೆ ಅವರನ್ನು ಸಾಲಾಗಿ ನಿಲ್ಲಿಸಿದಳು. ಅಪ್ಪ ಮುಂದಿನ ಸಾಲಿನಲ್ಲಿ ಜಾಗ ಹಿಡಿದು, "ನಾನೇ ಇಲ್ಲಿ ಹಿರಿಯ ವಿದ್ಯಾರ್ಥಿ" ಎಂದು ಎದೆಯುಬ್ಬಿಸಿದ.