ಒಂದು ಹಿಡಿ ಗೋಜಿ

ಡಾಕ್ಟರಮ್ಮ ಡೆಶೆಂಗನ ಅಂಗಿಯ ತೋಳನ್ನು ಮೇಲಕ್ಕೆ ಸರಿಸಿದರು. ಮೊಣಕೈಯ ಕೆಳಗೆ ಅಂಗೈಯಗಲದ ಕಪ್ಪುನೀಲಿ ಕಲೆ, ಅಂಚಿಗೆ ಹಳದಿ ತಿರುಗಿತ್ತು. ಇನ್ನೊಂದು ತೋಳಿನಲ್ಲೂ ಅಂಥದೇ.

"ಎಲ್ಲಾದರೂ ಬಿದ್ರಾ?"

"ಇಲ್ಲ. ಕತ್ತೆ ಒದೀತು ಅನ್ನೋಣ ಅಂದ್ರೆ ಮನೇಲಿ ಕತ್ತೇನೂ ಇಲ್ಲ."

ಪಕ್ಕದ ಸ್ಟೂಲಿನಲ್ಲಿ ಕೂತಿದ್ದ ಹೆಂಡತಿ ಯೂಚಿನ್ ಅವನ ತೊಡೆಗೆ ತಿವಿದಳು. "ತಮಾಷೆ ಮಾಡೋ ಜಾಗಾನಾ ಇದು? ಹಲ್ಲುಜ್ಜಿದ್ರೆ ಬಾಯ್ತುಂಬಾ ರಕ್ತ ಡಾಕ್ಟರಮ್ಮ. ಮೊನ್ನೆ ಮೂಗಿಂದ ಸುರಿಯೋಕೆ ಶುರುವಾಗಿದ್ದು ಎಷ್ಟು ಒತ್ತಿ ಹಿಡಿದ್ರೂ ನಿಲ್ಲಲೇ ಇಲ್ಲ."

ಡಾಕ್ಟರಮ್ಮ ಕಂಪ್ಯೂಟರಿನ ಕಡೆ ತಿರುಗಿದರು. ಬೆಳಿಗ್ಗೆ ಕೊಟ್ಟ ರಕ್ತದ ವರದಿ ಇನ್ನೂ ಬಂದಿರಲಿಲ್ಲ.

ವಸಂತ ಕಾಲದಲ್ಲಿ ಡೆಶೆಂಗನ ಎದೆಬಡಿತ ಲಯ ತಪ್ಪಿದಾಗ ಇದೇ ತಾಲ್ಲೂಕು ಆಸ್ಪತ್ರೆಯಲ್ಲಿ ಅವನಿಗೆ ರಕ್ತ ತೆಳುವಾಗುವ ಮಾತ್ರೆ ಬರೆದುಕೊಟ್ಟಿದ್ದರು. ಅದನ್ನು ನುಂಗಿಕೊಂಡು ಚೆನ್ನಾಗಿಯೇ ಇದ್ದ. ಅವರ ಗೋಜಿ ತೋಟದಲ್ಲಿ ಆ ಸಣ್ಣ ಕೆಂಪು ಹಣ್ಣಿನ ಮೊದಲ ಕೊಯ್ಲು ಶುರುವಾದ ಮೇಲೆ ಈ ಕಲೆಗಳು ಕಾಣಿಸಿಕೊಂಡವು. ಆಗ ಪಕ್ಕದ ಮನೆಯ ಹೆಂಗಸು ಬೇಲಿಯಾಚೆಯಿಂದ ಕತ್ತು ಚಾಚಿ, "ನಮ್ಮ ಭಾವನಿಗೂ ಹೀಗೇ ಕಣೆ ಶುರುವಾಗಿದ್ದು. ರಕ್ತದ ಕ್ಯಾನ್ಸರ್ ಅಂದ್ರು. ಯಿನ್‌ಚುವಾನ್‌ಗೆ ದೊಡ್ಡಾಸ್ಪತ್ರೆಗೆ ಅಂತ ಕರಕೊಂಡು ಹೋದ್ರು. ಚಳಿಗಾಲ ನೋಡಲಿಲ್ಲ ಪಾಪ," ಎಂದಿದ್ದಳು. ಅಂದಿನಿಂದ ಯೂಚಿನ್‌ಗೆ ಅನ್ನ ಸೇರುತ್ತಿರಲಿಲ್ಲ. ಕೂಲಿಯ ಹೆಂಗಸರು ಹಣ್ಣು ಬಿಡಿಸುತ್ತಿದ್ದರೆ ಇವಳು ಗಿಡಗಳ ಸಾಲಿನ ಕೊನೆಗೆ ಹೋಗಿ, ಕೆಳಗೆ ಉದುರಿದ್ದನ್ನು ಆರಿಸುವವಳಂತೆ ಕುಕ್ಕುರುಗಾಲಲ್ಲಿ ಕೂತು ಅತ್ತು ಬರುತ್ತಿದ್ದಳು. ಅವನೂ ನಿದ್ದೆ ಮಾಡುತ್ತಿರಲಿಲ್ಲ. ಇಬ್ಬರೂ ನಿದ್ದೆ ಬಂದವರ ಹಾಗೆ ಮಲಗಿರುತ್ತಿದ್ದರು.

ವರದಿ ಬಂತು. ಡಾಕ್ಟರಮ್ಮ ಹುಬ್ಬು ಗಂಟಿಕ್ಕಿದರು.

"ರಕ್ತ ತುಂಬಾ ತೆಳುವಾಗಿಬಿಟ್ಟಿದೆ. ಮಾತ್ರೆ ಒಂದೇ ತಾನೆ ತಗೊಳ್ತಿರೋದು?"

"ಒಂದೇ. ನಾನೇ ಕೈಯಾರೆ ಕೊಡ್ತೀನಿ," ಎಂದಳು ಯೂಚಿನ್.

"ಬೇರೆ ಔಷಧಿ? ಕಷಾಯ, ಬೇರು, ಯಾರೋ ಹೇಳಿದ ಲೇಹ?"

"ಇಲ್ಲವೇ ಇಲ್ಲ. ದೇವರಾಣೆಗೂ ಇಲ್ಲ."

"ಹಾಗಾದ್ರೆ ಯಾಕೆ ಹೀಗಾಯ್ತು ಅಂತ ನೋಡಬೇಕು. ಯಿನ್‌ಚುವಾನ್ ಆಸ್ಪತ್ರೆಗೆ ಬರೆದುಕೊಡ್ತೀನಿ, ಅಲ್ಲಿ ಎಲ್ಲಾ ಪರೀಕ್ಷೆ ಮಾಡ್ತಾರೆ."

ಆ ಊರಿನ ಹೆಸರು ಕಿವಿಗೆ ಬಿದ್ದದ್ದೇ ಯೂಚಿನ್‌ಳ ಕೈ ಗಂಡನ ಅಂಗಿಯ ಅಂಚು ಹಿಡಿದುಕೊಂಡಿತು. ಡೆಶೆಂಗ್ ಮಾತ್ರ, "ರೈಲಲ್ಲಿ ಹೋಗೋದಾ, ಬಸ್ಸಲ್ಲಾ?" ಎಂದ. ಅವನ ದನಿ ಅವನದಾಗಿರಲಿಲ್ಲ.

ಯೂಚಿನ್‌ಗೆ ಏನಾದರೂ ಮಾಡಬೇಕೆನಿಸಿತು. ಕಾಲ ಬಳಿ ಇಟ್ಟುಕೊಂಡಿದ್ದ ಚೀಲದಿಂದ ಬಟ್ಟೆಯ ಗಂಟೊಂದನ್ನು ತೆಗೆದು ಮೇಜಿನ ಮೇಲಿಟ್ಟಳು. "ಅಲ್ಲಿರೋ ಒಳ್ಳೆ ಡಾಕ್ಟರಿಗೆ ಒಂದು ಮಾತು ಹೇಳಿ ತಾಯಿ. ಇದು ನಿಮಗೆ."

"ಛೆ, ನಾವು ಇದನ್ನೆಲ್ಲ ತಗೊಳ್ಳೋ ಹಾಗಿಲ್ಲ ದೊಡ್ಡಮ್ಮ."

"ಇದೇನು ದುಡ್ಡಾ? ನಮ್ಮ ತೋಟದ ಗೋಜಿ, ಈ ಸಲದ ಮೊದಲ ಕೊಯ್ಲು. ದಿನವೆಲ್ಲ ಕಂಪ್ಯೂಟರ್ ನೋಡ್ತೀರಿ, ಕಣ್ಣಿಗೆ ತಂಪು. ಲಿವರಿಗೆ ಒಳ್ಳೇದು, ಸೊಂಟಕ್ಕೆ ಶಕ್ತಿ ಬರುತ್ತೆ. ನಮ್ಮ ಮುದುಕಂಗೆ ಬೆಳಿಗ್ಗೆ ಗಂಜಿಗೆ ಒಂದು ಹಿಡಿ ಹಾಕ್ತೀನಿ, ಚಹಾಕ್ಕೆ ಒಂದು ಹಿಡಿ, ರಾತ್ರಿ ಸೂಪಿಗೂ ಹಾಕ್ತೀನಿ. ಹೊಸ ಹಣ್ಣು ಬಂದಾಗಿಂದ ಅದರ ರಸಾನೇ ಲೋಟ ತುಂಬಾ ಕುಡಿಸ್ತಿದೀನಿ. ಎದೆ ಕೆಟ್ಟಿರೋನು ನೋಡಿ, ಗಟ್ಟಿಯಾಗಲಿ ಅಂತ."

ಗಂಟನ್ನು ಹಿಂದಕ್ಕೆ ತಳ್ಳುತ್ತಿದ್ದ ಡಾಕ್ಟರಮ್ಮನ ಕೈ ಅಲ್ಲೇ ನಿಂತಿತು.

"ಬೇರೆ ಏನೂ ಕೊಡ್ತಿಲ್ಲ ಅಂದ್ರಲ್ಲ?"

"ಕೊಡ್ತಿಲ್ಲ."

"ಮತ್ತೆ ಇದು?"

"ಇದು ಔಷಧೀನಾ?" ಯೂಚಿನ್ ನಿಜಕ್ಕೂ ಬೆರಗಾದಳು. "ಇದು ನಮ್ಮನೇದು!"

ಡಾಕ್ಟರಮ್ಮ ಕುರ್ಚಿಗೆ ಒರಗಿ, ಕನ್ನಡಕ ತೆಗೆದು, ಕಣ್ಣೊತ್ತಿಕೊಂಡರು. ಅವರು ನಗುತ್ತಿದ್ದಾರೆಂದು ತಿಳಿಯಲು ಗಂಡಹೆಂಡಿರಿಬ್ಬರಿಗೂ ಸ್ವಲ್ಪ ಹೊತ್ತು ಬೇಕಾಯಿತು.

"ದೊಡ್ಡಮ್ಮ, ಹಣ್ಣು ಒಳ್ಳೇದೇ. ನೀವು ತಿನ್ನಿ, ನಾನೂ ತಿಂತೀನಿ. ಆದ್ರೆ ಈ ಮಾತ್ರೆ ತಗೊಳ್ಳೋರು ತಿನ್ನಬಾರದು. ಹಣ್ಣು ಸೇರಿದ್ರೆ ಮಾತ್ರೆಯ ಜೋರು ಹೆಚ್ಚಾಗುತ್ತೆ. ಒಂದು ಮಾತ್ರೆ ನುಂಗಿದೋರಿಗೆ ಎರಡು ನುಂಗಿದ ಹಾಗೆ. ಅದಕ್ಕೇ ರಕ್ತ ನಿಲ್ತಿಲ್ಲ."

"ಹಾಗಾದ್ರೆ..." ಯೂಚಿನ್‌ಗೆ ಆ ಕಾಯಿಲೆಯ ಹೆಸರು ಬಾಯಿಗೆ ಬರಲಿಲ್ಲ. "ಪಕ್ಕದ್ಮನೆಯವಳು ಹೇಳಿದ್ದು... ರಕ್ತದ್ದು..."

"ಕ್ಯಾನ್ಸರಾ? ರಕ್ತಕಣ ಎಲ್ಲಾ ಸರಿಯಾಗಿದೆ. ಅಂಥ ಲಕ್ಷಣ ಏನೂ ಕಾಣ್ತಿಲ್ಲ."

"ಇನ್ನೊಂದ್ಸಲ ಹೇಳಿ."

"ಇಲ್ಲ ದೊಡ್ಡಮ್ಮ. ಇಲ್ಲ."

ಯಿನ್‌ಚುವಾನ್‌ಗೆ ಹೋಗುವುದು ಸದ್ಯಕ್ಕೆ ಬೇಡವೆಂದರು. ಎರಡು ದಿನ ಮಾತ್ರೆ ನಿಲ್ಲಿಸಿ, ಹಣ್ಣನ್ನು ಪೂರ್ತಿ ಬಿಟ್ಟು, ಸೋಮವಾರ ಮತ್ತೆ ರಕ್ತ ಕೊಡಬೇಕು. ನಡುವೆ ರಕ್ತ ಜೋರಾದರೆ, ತಲೆಗೆ ಪೆಟ್ಟಾದರೆ ತಡಮಾಡದೆ ಓಡಿಬರಬೇಕು. ಯೂಚಿನ್ ಎಲ್ಲಕ್ಕೂ ತಲೆಯಾಡಿಸಿದಳು. ಆಮೇಲೆ ಮೆಲ್ಲಗೆ, "ಅಂದ್ರೆ ನಾನೇ ಇವನನ್ನ..." ಎಂದಳು.

"ನಿಮಗೆ ಹೇಗೆ ಗೊತ್ತಾಗಬೇಕು? ತಪ್ಪು ನಮ್ಮದು," ಎಂದರು ಡಾಕ್ಟರಮ್ಮ. "ಮನೆಮನೇಲೂ ಗೋಜಿ ಬೆಳೆಯೋ ಈ ಊರಲ್ಲಿ ಕೂತ್ಕೊಂಡು, ಗೋಜಿ ತಿಂತೀರಾ ಅಂತ ಹೆಸರು ಹಿಡಿದು ಕೇಳಬೇಕಿತ್ತು. ಇನ್ಮೇಲೆ ಎಲ್ಲರನ್ನೂ ಕೇಳ್ತೀನಿ."

ಹೊರಗೆ ಬಂದು ಮೊಗಸಾಲೆಯ ಬೆಂಚಿನಲ್ಲಿ ಕೂತರು. ಡಾಕ್ಟರಮ್ಮ ವಾಪಸು ಕೊಟ್ಟ ಗಂಟನ್ನು ಯೂಚಿನ್ ಮಡಿಲಲ್ಲಿಟ್ಟುಕೊಂಡು ಮತ್ತೆ ಬಿಗಿದಳು. ಡೆಶೆಂಗ್ ಗಂಟಲು ಸರಿಮಾಡಿಕೊಂಡ.

"ಒಂದು ಮಾತು ಹೇಳಲಾ? ಬೈಬಾರದು."

"ಹೇಳು."

"ನನಗೆ ಅದು ಯಾವತ್ತೂ ಇಷ್ಟ ಆಗಲಿಲ್ಲ."

"ಯಾವುದು?"

"ಗೋಜಿ. ಗಂಜಿಯಲ್ಲಿ ನೆಂದು ಉಬ್ಬಿರುತ್ತಲ್ಲ, ಬಾಯಿಗೆ ಸಿಕ್ಕಿದ್ರೆ ಮೈ ಜುಂ ಅನ್ನುತ್ತೆ."

ಯೂಚಿನ್ ಪೂರ್ತಿ ಅವನ ಕಡೆ ತಿರುಗಿದಳು. "ಮದುವೆಯಾದ ಮಾರನೇ ದಿನದಿಂದ ಹಾಕ್ತಿದೀನಲ್ಲೋ!"

"ಮಾರನೇ ದಿನ ಹೇಳೋಕೆ ನಾಚಿಕೆ. ಆಮೇಲೆ ತಡವಾಗಿಹೋಗಿತ್ತು."

"ಇಷ್ಟು ವರ್ಷ ಮುಚ್ಚಿಟ್ಟುಕೊಂಡು ನುಂಗಿದ್ಯಾ, ಕಳ್ಳ ಮುದುಕ! ಗೋಜಿ ಬೆಳೆಯೋನಂತೆ, ಗೋಜಿ! ಊರೋರಿಗೆ ಗೊತ್ತಾದ್ರೆ ಉಗೀತಾರೆ!" ಅವಳು ಗಂಟನ್ನು ಎತ್ತಿ ಅವನ ಭುಜಕ್ಕೆ ಬಾರಿಸಲು ಹೋದವಳು, ತೋಳಿನ ಕಲೆ ನೆನಪಾಗಿ ತಡೆದುಕೊಂಡಳು. ಕೈ ಹಾಗೇ ಗಾಳಿಯಲ್ಲಿರುವಾಗ ನಗು ಬಂತು. ನಗು ಅಳುವಾಯಿತು. ಎದುರಿನ ಬೆಂಚಿನವರು ಕೆಟ್ಟ ಸುದ್ದಿಯೆಂದು ತಿಳಿದು ತಲೆ ತಗ್ಗಿಸಿದರು.

"ಹಸಿವಾಗ್ತಿದೆ," ಎಂದ ಡೆಶೆಂಗ್.

ಬಸ್ ನಿಲ್ದಾಣದ ಹತ್ತಿರದ ಅಂಗಡಿಯಲ್ಲಿ ಕುರಿಮಾಂಸದ ನೂಡಲ್ಸ್ ತಿಂದರು. ಅವನು ಬಟ್ಟಲೆತ್ತಿ ಸಾರಿನ ಕೊನೆಯ ತೊಟ್ಟನ್ನೂ ಸೊರ್ರನೆ ಕುಡಿದ. ಅವಳೂ ಅಷ್ಟೂ ತಿಂದು, ಇನ್ನರ್ಧ ಹಾಕಿಸಿಕೊಂಡಳು.

ಬಸ್ಸು ಪೇಟೆ ದಾಟುವಷ್ಟರಲ್ಲಿ ಡೆಶೆಂಗನ ತಲೆ ಅವಳ ಹೆಗಲಿಗೆ ಬಿದ್ದಿತ್ತು. ಇದು ನಿಜವಾದ ನಿದ್ದೆ. ಬಾಯಿ ಅರೆತೆರೆದು, ಸಣ್ಣಗೆ ಗೊರಕೆ. ಕಿಟಕಿಯಾಚೆ ಎರಡೂ ಬದಿಗೆ ಗೋಜಿ ತೋಟಗಳು, ತಲೆಗೆ ಬಟ್ಟೆ ಸುತ್ತಿಕೊಂಡ ಹೆಂಗಸರು, ಬಿಸಿಲಿಗೆ ಹರವಿದ ಕೆಂಪು ಹಣ್ಣಿನ ತಟ್ಟೆಗಳು.

ಬಸ್ಸು ನಿಧಾನವಾಯಿತು. ಕಂಡಕ್ಟರ್ ಹೆಂಗಸು ಹಿಂದಕ್ಕೆ ತಿರುಗಿ, "ಅಜ್ಜೀ, ನಿಮ್ಮ ಸ್ಟಾಪು ಬಂತು, ಇಳೀರಿ," ಎಂದಳು.

ಯೂಚಿನ್ ತುಟಿಯ ಮೇಲೆ ಬೆರಳಿಟ್ಟು, ಮುಂದೆ ಹೋಗಲಿ ಎಂದು ಕೈಯಾಡಿಸಿದಳು.

ಬಾಗಿಲು ಮುಚ್ಚಿತು. ಅವರ ಮನೆಯ ಗೇಟು, ತೋಟದ ಮೊದಲ ಸಾಲು, ಆಮೇಲೆ ಕೊನೆಯ ಸಾಲು, ಒಂದೊಂದಾಗಿ ಕಿಟಕಿಯಲ್ಲಿ ಹಿಂದಕ್ಕೆ ಸರಿದವು. ಅವಳು ಹೆಗಲನ್ನು ಅಲ್ಲಾಡಿಸದೆ ಕೂತಳು.