ಒಂಬತ್ತನೆಯ ಪ್ರಶ್ನೆ

"ಅವಳಿಗೇನಾಗೈತೆ? ಹೊತ್ತೊತ್ತಿಗೆ ಉಣ್ತಾಳೆ, ಮಲಗ್ತಾಳೆ. ಎಲ್ಲಾದಕ್ಕೂ ಇಲ್ಲ ಅಂತ ಬರ್ಕೊಳ್ರಿ ಮೇಡಂ," ಎಂದಳು ಗಿಡ್ಡಮ್ಮ.

"ಮಗಳೇ ಹೇಳಬೇಕಮ್ಮ. ನೀವು ಸ್ವಲ್ಪ ಹೊರಗಿರಿ."

"ಹೆತ್ತೋಳಿಗೆ ಗೊತ್ತಿಲ್ದಿದ್ದು ನಿಮ್ಮ ಮೊಬೈಲಿಗೆ ಗೊತ್ತಾಗುತ್ತೇನ್ರಿ?" ನಗುತ್ತಲೇ ಎದ್ದು, ಅಂಗಳದಲ್ಲಿ ಶೇಂಗಾ ಬಿಡಿಸುತ್ತ ಕೂತಳು.

ಮನಸ್ಸಿನ ಆರೋಗ್ಯದ ಸಮೀಕ್ಷೆಗೆಂದು ಜಗಳೂರಿಗೆ ಬಂದಿದ್ದ ಸಂಧ್ಯಾರಾಣಿ ಮೊಬೈಲಿನಲ್ಲಿದ್ದ ಪ್ರಶ್ನೆಗಳನ್ನು ಓದತೊಡಗಿದಳು. ಮೂವತ್ತೊಂದು ದೇಶಗಳ ಹುಡುಗ ಹುಡುಗಿಯರಿಗೆ ಇವೇ ಒಂಬತ್ತು ಪ್ರಶ್ನೆಗಳು. ಕೇಳುವಾಗ ದನಿ ಏರಬಾರದು, ಮುಖ ಬದಲಾಗಬಾರದು ಎಂದು ತರಬೇತಿಯಲ್ಲಿ ಹೇಳಿದ್ದರು. ಅವಳಿಗೆ ಎರಡೂ ಕಷ್ಟವೆನಿಸಲಿಲ್ಲ. ಒಂದು ವರ್ಷದಿಂದ ಚನ್ನಗಿರಿಯ ತನ್ನ ಮನೆಯಲ್ಲೂ ಅವಳ ಮುಖ ಹಾಗೆಯೇ ಇತ್ತು.

ಕೊನೆಗೆ ಒಂಬತ್ತನೆಯದು: "ಕಳೆದ ಎರಡು ವಾರಗಳಲ್ಲಿ, ಬದುಕಿರುವುದೇ ಬೇಡ ಎಂದು ಎಷ್ಟು ದಿನ ಅನ್ನಿಸಿದೆ?"

ಹತ್ತೊಂಬತ್ತರ ನೇತ್ರಾವತಿ ದುಪಟ್ಟಾದ ಅಂಚು ನೋಡಿದಳು. "ದಿನಾ."

ಸಂಧ್ಯಾರಾಣಿ 'ಪ್ರತಿದಿನ' ಎಂಬುದನ್ನು ಒತ್ತಿದಳು. ಪರದೆಯ ಮೇಲೆ ಸೂಚನೆಯೊಂದು ಮೂಡಿತು.

"ಏನ್ರಿ ಅಕ್ಕ ಅದು?"

"ಏನಿಲ್ಲ. ನಾಳೆ ಆಶಾ ಕಾರ್ಯಕರ್ತೆ ಮನೆಗೆ ಬರ್ತಾರೆ. ನಿನ್ನ ಜೊತೆ ಮಾತಾಡಾಕೆ."

"ಮನೆಗಾ? ಬ್ಯಾಡ್ರಿ." ದನಿ ತಗ್ಗಿತು. "ಭಾನುವಾರ ಹೊನ್ನಾಳಿಯಿಂದ ನನ್ನ ನೋಡಾಕೆ ಬರ್ತಾರೆ. ಆಶಾ ಅಕ್ಕ ಬಂದ್ರೆ ಓಣಿಗೆಲ್ಲಾ ತಿಳೀತೈತೆ. ಅಳಿಸ್ರಿ."

"ಹೇಳಿದ್ದು ನಿಜ ಅಲ್ವಾ?"

"ನೀವು ಕೇಳಿದ್ರಿ, ಹೇಳ್ದೆ. ಇಲ್ಲಿಗಂಟ ಯಾರೂ ಕೇಳಿರ್ಲಿಲ್ಲ." ತಡೆದು, "ನಿಮ್ಮನ್ನ ಯಾರಾದ್ರೂ ಕೇಳ್ಯಾರೇನ್ರಿ?"

ಸಂಧ್ಯಾರಾಣಿ ಗಡಿಯಾರ ನೋಡಿಕೊಂಡಳು. ದಿನದ ಎಂಟು ಮನೆಗಳಲ್ಲಿ ಇನ್ನೂ ಮೂರು ಬಾಕಿ. ಅಳಿಸುವುದು ದಯೆಯೋ ದಣಿವೋ ಎಂದು ತೀರ್ಮಾನಿಸುವ ಮೊದಲೇ ಹೆಬ್ಬೆರಳು 'ಒಂದು ದಿನವೂ ಇಲ್ಲ' ಎಂಬುದನ್ನು ಒತ್ತಿತ್ತು.

ನೇತ್ರಾವತಿ ಮೊದಲ ಸಲ ನಕ್ಕಳು. ಚೆಂದದ ನಗು. ಭಾನುವಾರ ಬರುವವರಿಗೆ ಅಷ್ಟು ಸಾಕಾಗಬಹುದು.

ಸಂಜೆ, ಬಸ್ಸು ಜಗಳೂರು ಬಿಟ್ಟ ಮೇಲೆ, ಆ ಉತ್ತರವನ್ನು ಮತ್ತೆ ತೆರೆಯಲು ನೋಡಿದಳು. ತೆರೆಯಲಿಲ್ಲ. 'ಕಳುಹಿಸಲಾಗಿದೆ. ಧನ್ಯವಾದಗಳು.' ಮೇಲ್ವಿಚಾರಕ ಗುರುಬಸವರಾಜ್‌ಗೆ ಫೋನ್ ಮಾಡಿದಳು.

"ಹೇಳ್ರಿ ಮೇಡಂ, ಎಂಟೂ ಮುಗಿದ್ವಾ?"

"ಮುಗಿದ್ವು ಸಾರ್."

"ಏನಾದ್ರೂ ತೊಂದ್ರೆ?"

ಪಕ್ಕದ ಸೀಟಿನ ಹೆಂಗಸು ತನ್ನ ಮುಖವನ್ನೇ ನೋಡುತ್ತಿದ್ದಾಳೆ ಎನ್ನಿಸಿತು.

"ಏನಿಲ್ಲ ಸಾರ್."

ಪರದೆಯಲ್ಲಿ ದಿನದ ಭೂಪಟ ಬಂದಿತ್ತು. ತೊಂದರೆ ಕಂಡ ಊರುಗಳಿಗೆ ಕೆಂಪು, ಉಳಿದವಕ್ಕೆ ಹಸಿರು. ಕಿಟಕಿಯಾಚೆ ಕಟಾವು ಮುಗಿದ ಮೆಕ್ಕೆಜೋಳದ ಹೊಲಗಳು. ಕಣ್ಣು ಹಾಯುವಷ್ಟು ದೂರವೂ ಒಣಗಿದ ಕೂಳೆ. ಅವಳ ಅಂಗೈಯಲ್ಲಿ ಜಗಳೂರು ಹಚ್ಚಹಸಿರಾಗಿತ್ತು.