ಹೋಗುವ ತಂತಿ

ಎಲ್ಲರೂ ವೇದಿಕೆಯ ಕಡೆಗೆ ಇಳಿಯುತ್ತಿದ್ದಾಗ ಅವಳೊಬ್ಬಳೇ ಕುರ್ಚಿಸಾಲುಗಳ ನಡುವಿನ ಇಳಿಜಾರು ಹತ್ತಿ ಹಿಂದಕ್ಕೆ ಹೊರಟಿದ್ದಳು. ಎದುರಾದವರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಒಬ್ಬಿಬ್ಬರು ಭುಜ ಮುಟ್ಟಿದರು. "ಗಂಡ ಅಲ್ಲಿ ಮಲಗಿದ್ರೆ ಇವಳು ಎಲ್ಲಿಗೆ ಹೊರಟಳು?" ಎಂದು ಯಾರೋ ಪಿಸುಗುಟ್ಟಿದ್ದು ಅವಳಿಗೆ ಸ್ಪಷ್ಟವಾಗಿ ಕೇಳಿಸಿತು. ವೇದಿಕೆಯ ಮೇಲೆ ಉಸಿರಾಡಿದ ಸದ್ದೂ ಕೊನೆಯ ಸಾಲಿಗೆ ಮುಟ್ಟಬೇಕು ಎಂದು ಈ ಸಭಾಂಗಣದಲ್ಲಿ ಇಪ್ಪತ್ತೇಳು ವರ್ಷ ಒದ್ದಾಡಿದ ಮನುಷ್ಯ ಈಗ ಅದೇ ವೇದಿಕೆಯ ಮೇಲೆ, ತೆರೆದ ಪೆಟ್ಟಿಗೆಯಲ್ಲಿ, ಉಸಿರಿಲ್ಲದೆ ಮಲಗಿದ್ದರು.

ಗಂಡನ ಅಕ್ಕ ಏದುಸಿರು ಬಿಡುತ್ತ ಹಿಂದೆಯೇ ಬಂದು ತೋಳು ಹಿಡಿದರು.

"ಎಲ್ಲಿಗಮ್ಮಾ? ಹನ್ನೆರಡಕ್ಕೆ ಗಾಡಿ ಹೊರಡತ್ತೆ. ಇರೋದೇ ಮುಕ್ಕಾಲು ಗಂಟೆ. ಅವನ ಹತ್ರ ಕೂತ್ಕೋ ಬಾ."

"ಬಂದೆ ಅತ್ತಿಗೆ. ಐದು ನಿಮಿಷ."

"ಜನ ಏನಂದ್ಕೋತಾರೆ?"

"ಅಂದ್ಕೊಳ್ಳಲಿ."

ಅತ್ತಿಗೆ ಕೈ ಬಿಟ್ಟರು. ಅಷ್ಟರಲ್ಲಿ ಮ್ಯಾನೇಜರ್ ಮೈಕಿನ ಮುಂದೆ ನಿಂತು "ನಮ್ಮ ಸೌಂಡ್ ಮೇಷ್ಟ್ರು..." ಅನ್ನುತ್ತಿದ್ದಂತೆ ಮೈಕು ಕಿರುಚಿಕೊಂಡಿತು. ಮುಂದಿನ ಸಾಲಿನವರು ಕಿವಿ ಮುಚ್ಚಿಕೊಂಡರು.

"ಎದ್ದು ಬಂದು ಬಯ್ಯೋಕೆ ಆಗ್ತಿಲ್ಲವಲ್ಲಾ ಅಂತ ಒಳಗೇ ಕುದೀತಿರ್ತಾರೆ ನೋಡಿ," ಎಂದ ಲೈಟಿನವನು. ನಕ್ಕವರು ನಗುವಿನ ಅರ್ಧದಲ್ಲೇ ಅತ್ತುಬಿಟ್ಟರು.

ಕೊನೆಯ ಸಾಲಿನ ಹಿಂದೆ ಗಂಡನ ಮಿಕ್ಸರ್ ಇತ್ತು, ಮೈಕುಗಳ ದನಿ ಬೆರೆಸಿ ಹದ ಮಾಡುವ ಡಿಜಿಟಲ್ ಮಿಕ್ಸರ್. ಊಟದ ಮೇಜಿನಷ್ಟು ಅಗಲ, ಮೈತುಂಬ ಗುಂಡಿಗಳು. ಇಂಥದೇ ಇನ್ನೊಂದು ವೇದಿಕೆಯ ಪಕ್ಕದಲ್ಲಿತ್ತು. ಇಲ್ಲಿಂದ ಜನರಿಗೆ ಕೇಳಿಸಬೇಕು. ಅಲ್ಲಿಂದ ಹಾಡುವವರಿಗೆ ಅವರದೇ ದನಿ ಕೇಳಿಸಬೇಕು. ಎರಡಕ್ಕೂ ತಾಳ ಒಂದೇ. ತಾಳ ಹಾಕುವುದು ವೇದಿಕೆಯದು, ಅನುಸರಿಸುವುದು ಇಲ್ಲಿಯದು. ಅದಕ್ಕೇ ವೇದಿಕೆಯ ಮಿಕ್ಸರಿನಲ್ಲಿ ಕೂರುವ ಹೆಂಗಸಿಗೆ ಅವರು ಗಡಿಯಾರ ಎಂದು ಹೆಸರಿಟ್ಟಿದ್ದರು. ಹದಿನಾಲ್ಕು ವರ್ಷ ಇಬ್ಬರೂ ಮುಖ ನೋಡದೆ, ಹೆಡ್‌ಫೋನಿನಲ್ಲೇ ಮಾತಾಡಿಕೊಂಡು ಕೆಲಸ ಮಾಡಿದವರು. ಮನೆಗೆ ಬಂದರೆ ಕಿವಿ ದಣಿದಿದೆ ಎಂದು ಸುಮ್ಮನೆ ಕೂರುತ್ತಿದ್ದ ಗಂಡ ಇಲ್ಲಿ ಬಾಯಿ ಮುಚ್ಚುತ್ತಿರಲಿಲ್ಲವಂತೆ. ಅದನ್ನು ಕೇಳಿ ಒಂದು ಕಾಲದಲ್ಲಿ ಅವಳಿಗೆ ಹೊಟ್ಟೆ ಉರಿದಿತ್ತು. ಈಗ ಉರಿಯಲು ತ್ರಾಣವಿರಲಿಲ್ಲ. ಆ ಮಾತು ಬೇಕಿತ್ತು, ಅಷ್ಟೆ.

ಬೆಳಿಗ್ಗೆ ಬಾಗಿಲಲ್ಲೇ ಗಡಿಯಾರ ಅವಳ ಕೈ ಹಿಡಿದು ಹೇಳಿದ್ದಳು: "ಅವತ್ತಿನ ರಿಹರ್ಸಲ್ ಪೂರ್ತಿ ರೆಕಾರ್ಡ್ ಆಗಿದೆ ಅಕ್ಕ. ಅರವತ್ತನಾಲ್ಕನೇ ಚಾನೆಲ್ ನಮ್ಮ ಮಾತಿಗೇ ಇಟ್ಕೊಂಡಿದ್ವಿ. ಅವರ ದನಿ ಅದರಲ್ಲಿರತ್ತೆ."

"ಅವತ್ತು ಬೆಳಿಗ್ಗೆ ಮನೆ ವಿಷಯ ಏನಾದ್ರೂ ಹೇಳಿದ್ರಾ?"

"ಏನೋ ಹೇಳಿದ್ರು. ನಾನು ಮಂಡಿಯೂರಿ ಕೇಬಲ್ ಸಿಗಿಸ್ತಿದ್ದೆ. ಪಕ್ಕದಲ್ಲಿ ಹಾಡೋಳು ಕೂಗಾಡ್ತಿದ್ಲು. ಹೂಂಗುಟ್ಟಿದೆ."

* * *

ಆ ಮಂಗಳವಾರ ಬೆಳಿಗ್ಗೆ ಅವಳು ಬಟ್ಟೆ ಒಗೆಯುವ ಯಂತ್ರದ ಮೇಲೆ ಕೂತಿದ್ದಳು. ಹಿಂಡುವ ಸರದಿ ಬಂದರೆ ಆ ಹಳೆಯ ಯಂತ್ರ ಕುಣಿಯುತ್ತ ಕುಣಿಯುತ್ತ ಬಚ್ಚಲಿನ ಬಾಗಿಲವರೆಗೆ ನಡೆದುಬಿಡುತ್ತಿತ್ತು. ಯಾರಾದರೂ ಮೇಲೆ ಕೂರಲೇಬೇಕು. ಕೂತವರ ಹಲ್ಲು ಕೂಡ ಕಟಕಟ ಅನ್ನುತ್ತಿತ್ತು.

ಅವರು ಬಾಗಿಲ ಬಳಿ ಒಂದು ಕಾಲಿಗೆ ಶೂ ಹಾಕಿಕೊಂಡು, ಇನ್ನೊಂದನ್ನು ಕೈಯಲ್ಲಿ ಹಿಡಿದು, ಏನೋ ಅಂದರು.

"ಏನ್ರೀ?"

ತುಟಿ ಮತ್ತೆ ಆಡಿತು.

"ಕೇಳಿಸ್ತಿಲ್ಲ ಕಣ್ರೀ! ಆಮೇಲೆ ಹೇಳಿ!"

ಅವರು ಕೈ ಎತ್ತಿದರು. ಆಗಲಿ ಎಂದೋ, ಬೇಡ ಬಿಡು ಎಂದೋ. ಎಂದಿನಂತೆ ಸದ್ದಾಗದ ಹಾಗೆ ಬಾಗಿಲು ಎಳೆದುಕೊಂಡು ಹೋದರು. ಸಂಜೆ ನಾಲ್ಕಕ್ಕೆ ರಿಹರ್ಸಲಿನ ವಿರಾಮದಲ್ಲಿ ಎಲ್ಲರೂ ಎದ್ದರು, ಅವರು ಮಾತ್ರ ಮಿಕ್ಸರಿನ ಮುಂದಿನ ಕುರ್ಚಿಯಿಂದ ಏಳಲಿಲ್ಲ.

"ನೋವು ಬೆಳಿಗ್ಗೆಯಿಂದಲೇ ಇದ್ದಿರಬೇಕು. ಯಾರಿಗೂ ಹೇಳಿರ್ಲಿಲ್ವಾ?" ಎಂದು ಡಾಕ್ಟರು ಕೇಳಿದರು.

ಮೂರು ದಿನದಿಂದ ಆ ಪ್ರಶ್ನೆ ಅವಳನ್ನು ಬಿಟ್ಟಿರಲಿಲ್ಲ. ಎದೆ ನೋಯ್ತಿದೆ ಅಂದಿದ್ದರೆ? ಅದಕ್ಕೆ ತಾನು 'ಆಮೇಲೆ ಹೇಳಿ' ಅಂದಿದ್ದರೆ? ಬರುವಾಗ ಏನಾದರೂ ತರಬೇಕಾ ಎಂದಷ್ಟೇ ಕೇಳಿದ್ದರೆ ಹೇಗೋ ಬದುಕಬಹುದು. ಏನಿದ್ದರೂ ಬೆಂಕಿಗೆ ಕೊಡುವ ಮೊದಲು ಗೊತ್ತಾಗಬೇಕು. ಗೊತ್ತಾಗದೆ ಆ ಮುಖ ನೋಡಿ ಕಳಿಸಿಕೊಡುವುದು ಅವಳಿಂದ ಆಗದ ಕೆಲಸ.

* * *

"ಕೂತ್ಕೊಳ್ಳಿ," ಎಂದು ಮಿಕ್ಸರಿನ ಬಳಿ ಕಾದಿದ್ದ ಗಡಿಯಾರ ಅವರ ಕುರ್ಚಿ ಎಳೆದಳು. ಅದರ ಮೇಲೆ ಗಂಡನಿಗೆಂದು ಅವಳೇ ಹೊಲಿದುಕೊಟ್ಟ ದಿಂಬಿತ್ತು, ನಡುವೆ ತಗ್ಗು ಬಿದ್ದಿತ್ತು. ಹೆಡ್‌ಫೋನ್ ಹಾಕಿಕೊಂಡಳು. ಅವರ ತಲೆಯ ಅಳತೆಗೆ ಹಿಗ್ಗಿದ್ದು ಕಿವಿಯಿಂದ ಜಾರಿತು. ಎರಡೂ ಕೈಯಲ್ಲಿ ಒತ್ತಿ ಹಿಡಿದಳು.

ಟಿಕ್. ಟಿಕ್ ಟಿಕ್. ಗೋಡೆಯ ಹಲ್ಲಿ ಲೊಚಗುಟ್ಟಿದ ಹಾಗೆ.

"ಏನೋ ಬಡೀತಿದೆ."

"ಅವರ ಮಿಕ್ಸರನ್ನ ಯಾರೋ ಆರಿಸಿ ಹಾಕಿದಾರೆ. ಅದು ತನ್ನದೇ ತಾಳ ಹಿಡ್ಕೊಂಡಿದೆ. ಎರಡೂ ನಾನೇ ಯಜಮಾನ ಅಂತ ಕೂತ್ರೆ ಹೀಗೇ." ಗಡಿಯಾರ ಪರದೆಯ ಮೇಲೆ ಬೆರಳಾಡಿಸಿದಳು. ಬಡಿತ ನಿಂತಿತು.

ಅರವತ್ತನಾಲ್ಕರ ಹಸಿರು ದೀಪ ಮಿಣುಕಿತು.

"ಹಲೋ ಹಲೋ, ಬರ್ತಿದೀನಾ ಮೇಷ್ಟ್ರೇ?" ಗಡಿಯಾರದ ದನಿ. ಆಮೇಲೆ ಮೌನ.

"ಹಾಂ, ನಾಲ್ಕನೇ ಮೈಕು ತಗೊಳ್ಳಿ." ಮೌನ. "ಐದು." ಮೌನ.

"ಅವರದು ಯಾವಾಗ ಬರತ್ತೆ?"

"ಬರತ್ತೆ ಅಕ್ಕ, ತಡೀರಿ." ಗಡಿಯಾರ ಪಕ್ಕದಲ್ಲಿ ಇನ್ನೊಂದು ಹೆಡ್‌ಫೋನ್ ಹಿಡಿದು ನಿಂತಿದ್ದಳು. ಅವಳ ಮುಖ ಸಣ್ಣದಾಗುತ್ತಿತ್ತು.

"ಹೂಂ..." ಎಂದಿತು ರೆಕಾರ್ಡು. "ಹೌದಾ? ಮನೇಲಿ ಹೇಳಿದ್ರಾ?"

ಮೌನ. ಈ ಸಲ ಉದ್ದದ ಮೌನ. ಪರದೆಯ ಅಂಕಿ ಹತ್ತೊಂಬತ್ತು ಸೆಕೆಂಡು ಓಡಿತು.

"ಸಂಜೆ ನೋಡಿದ್ರಾಯ್ತು ಬಿಡಿ. ಹನ್ನೊಂದು ಬಂತಾ?"

ಗಡಿಯಾರ ರೆಕಾರ್ಡನ್ನು ಹಿಂದಕ್ಕೆ ತಿರುಗಿಸಿದಳು, ಮುಂದಕ್ಕೆ ಓಡಿಸಿದಳು. ಉತ್ತರಗಳಿದ್ದವು, ಎಲ್ಲವೂ ಗಡಿಯಾರದವೇ. ಅವರ ಮಾತು ಇರಲಿಲ್ಲ. ಅವಳು ಹೆಡ್‌ಫೋನನ್ನು ಒತ್ತಿ ಹಿಡಿದೇ ಬಗ್ಗಿ ಮಿಕ್ಸರಿನ ಪಕ್ಕದಲ್ಲಿದ್ದ ರೆಕಾರ್ಡರಿನ ಬೆನ್ನು ನೋಡಿದಳು. ಅಲ್ಲಿಗೆ ಬಂದು ಸೇರಿದ್ದ ಕೇಬಲ್ಲಿನ ಕುತ್ತಿಗೆಗೆ ಕೆಂಪು ಬಟ್ಟೆಯ ಪಟ್ಟಿಯೊಂದಿತ್ತು. ಸ್ವಲ್ಪ ಓರೆಯಾದ ಹೊಲಿಗೆ. ಅವಳದೇ.

* * *

ಮೊದಲೆಲ್ಲ ತೋಳಿನಷ್ಟು ದಪ್ಪದ ಕೇಬಲ್ ಇತ್ತು. ನಾಲ್ಕು ಜನ ಹೆಗಲು ಕೊಟ್ಟು ಹೊರಬೇಕಿತ್ತು. ಡಿಜಿಟಲ್ ಮಿಕ್ಸರ್ ಬಂದ ವಾರ ಅವರು ಕಿರುಬೆರಳಿಗಿಂತ ತೆಳ್ಳಗಿನ ಎರಡು ಸುರುಳಿಗಳನ್ನು ಮನೆಗೆ ತಂದು ಅವಳ ಹೊಲಿಗೆ ಯಂತ್ರದ ಮೇಲೆ ಇಟ್ಟಿದ್ದರು.

"ಇದರಲ್ಲಿ ಅರವತ್ತನಾಲ್ಕು ಜನ ಒಟ್ಟಿಗೆ ಹೋಗ್ತಾರೆ ಕಣೇ."

"ಒಬ್ಬರಿಗೊಬ್ಬರು ಡಿಕ್ಕಿ ಹೊಡ್ಕೊಳಲ್ವಾ?"

ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದರು. ಮದುವೆಯಾದ ಮೇಲೆ ಅವರು ಅಷ್ಟು ಮಾತಾಡಿದ್ದು ಅದೊಂದು ಸಂಜೆ. "ಒಂದು ಸ್ಟೇಜಿಂದ ಬರೋದು, ಒಂದು ನನ್ನ ಕಡೆಯಿಂದ ಹೋಗೋದು. ಎರಡೂ ಅವಳಿಜವಳಿ ಥರ ಕಾಣತ್ತೆ. ಅದಲು ಬದಲಾದ್ರೆ ನನ್ನ ಮರ್ಯಾದೆ ಹೋಯ್ತು."

ಅವಳು ಪರದೆ ಹೊಲಿದು ಉಳಿದ ಚಿಂದಿಯಲ್ಲಿ ಹುಡುಕಿ, ಬರುವುದಕ್ಕೆ ಕೆಂಪು, ಹೋಗುವುದಕ್ಕೆ ನೀಲಿ ಪಟ್ಟಿ ಸುತ್ತಿ ಹೊಲಿದುಕೊಟ್ಟಳು.

"ಬರೋದಕ್ಕೆ ಯಾಕೆ ಕೆಂಪು?"

"ಬರೋದು ತಾನೇ ಮುಖ್ಯ? ಎದ್ದು ಕಾಣಲಿ."

"ಹೋಗೋದೂ ಮುಖ್ಯವೇ," ಎಂದರು ಅವರು, ನೀಲಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ. "ನಾನು ಮಾತಾಡೋದು ಇದರಲ್ಲೇ."

* * *

"ಇದಕ್ಕೆ ಕೆಂಪು ಮಾತ್ರ ಸಿಗಿಸಿದೀರಿ," ಎಂದಳು ಅವಳು.

ಗಡಿಯಾರ ಬಗ್ಗಿದಳು. ನೀಲಿ ಪಟ್ಟಿಯ ಕೇಬಲ್ ರೆಕಾರ್ಡರನ್ನು ಮುಟ್ಟದೆ, ಮಿಕ್ಸರಿನಿಂದ ನೇರವಾಗಿ ಗೋಡೆಯೊಳಗೆ ಇಳಿದು ವೇದಿಕೆಯ ಕಡೆಗೆ ಹೋಗಿತ್ತು. ಗಡಿಯಾರ ಎದ್ದು ನಿಲ್ಲಲು ಬಹಳ ಹೊತ್ತು ಹಿಡಿಯಿತು.

"ನಾನೇ ಸಿಗಿಸಿದ್ದು. ಅರವತ್ತನಾಲ್ಕು ಅಂದ್ರೆ ನಮ್ಮಿಬ್ಬರದೂ ಅನ್ನೋ ಲೆಕ್ಕದಲ್ಲೇ ಇದ್ದೆ. ಬರೋ ಕಡೆಯ ಅರವತ್ತನಾಲ್ಕು ನನ್ನದು. ಹೋಗೋ ಕಡೆಯದು ಅವರದು. ಹೋಗಿದ್ದನ್ನ ಯಾರೂ ಹಿಡಿದಿಟ್ಟಿಲ್ಲ ಅಕ್ಕ."

"ಸಂಜೆ ನೋಡಿದ್ರಾಯ್ತು ಅಂದಿದೀರಿ. ಏನನ್ನ?"

"ನೆನಪಿಲ್ಲ."

"ಸ್ವಲ್ಪ ಯೋಚನೆ ಮಾಡಿ. ಎದೆ ಅಂದ್ರಾ? ನೋವು ಅಂದ್ರಾ? ಒಂದೇ ಒಂದು ಮಾತು."

"ನನ್ನಾಣೆಗೂ ನೆನಪಿಲ್ಲ. ಹೆಡ್‌ಫೋನಿನ ಒಂದು ಬದಿ ಕುತ್ತಿಗೆಗೆ ಇಳಿಸ್ಕೊಂಡು ಹಾಡೋಳ ಕೂಗಾಟ ಕೇಳ್ತಿದ್ದೆ. ಬಾಯಿಗೆ ಬಂದಿದ್ದು ಅಂದ್ಬಿಟ್ಟೆ." ಗಡಿಯಾರ ಬಾಯಿಗೆ ಕೈ ಅಡ್ಡ ಹಿಡಿದಳು. "ಬಯ್ದುಬಿಡಿ ಅಕ್ಕ."

ಅವಳು ಬೈಗುಳಕ್ಕಾಗಿ ತನ್ನೊಳಗೆಲ್ಲ ತಡಕಾಡಿದಳು. ಸಿಗಲಿಲ್ಲ. ಆ ದಿನ ಕುಣಿಯುವ ಯಂತ್ರದ ಮೇಲೆ ಕೂತವರು ಇಬ್ಬರು, ಅಷ್ಟೆ.

"ಇನ್ನೊಂದು ಸಲ ಹಾಕಿ," ಎಂದಳು. "ಆ ಖಾಲಿ ಜಾಗ."

ಹತ್ತೊಂಬತ್ತು ಸೆಕೆಂಡು ಮತ್ತೆ ಓಡತೊಡಗಿತು. ದನಿ ಏರಿಸಲು ಅವರು ಜಾರಿಸುತ್ತಿದ್ದ ಗುಂಡಿಯನ್ನು ಅವಳೇ ಬೆರಳಲ್ಲಿ ಮೇಲಕ್ಕೆ, ಇನ್ನೂ ಮೇಲಕ್ಕೆ, ಇನ್ನು ಸರಿಯದು ಎನ್ನುವ ತನಕ ತಳ್ಳಿದಳು. ಕಿವಿಯಲ್ಲಿ ಬರೀ ಸುಯ್ ಎನ್ನುವ ಸದ್ದು ತುಂಬಿತು. ಅದರೊಳಗೆ, ದೂರದಲ್ಲಿ, ಸೊಳ್ಳೆಯೊಂದು ಗುಂಯ್‌ಗುಟ್ಟಿದಂತಿತ್ತು.

"ಅದೇನು?"

ಗಡಿಯಾರ ಕಣ್ಣು ಮುಚ್ಚಿ ಕೇಳಿದಳು. "ಇಳಿಸ್ಕೊಂಡಿದ್ದ ಹೆಡ್‌ಫೋನಿಂದ ಸೋರಿದ್ದು. ನನ್ನ ಮೈಕಿಗೆ ಸಿಕ್ಕಿದೆ." ಕಣ್ಣು ತೆರೆದಳು. "ಅವರೇ ಅಕ್ಕ. ಆದ್ರೆ ಮಾತು ಬಿಡಿಸೋಕಾಗಲ್ಲ. ಯಾರ ಕೈಲೂ ಆಗಲ್ಲ."

ಮಾತು ಸಿಗಲಿಲ್ಲ, ದನಿಯ ನಡಿಗೆ ಸಿಕ್ಕಿತು. ತಗ್ಗಿನಲ್ಲಿ ಶುರುವಾಗಿ, ನಡುವೆ ಒಮ್ಮೆ ನಿಂತು ಉಸಿರು ತೆಗೆದುಕೊಂಡು, ಕೊನೆಯಲ್ಲಿ ತುಸು ಮೇಲಕ್ಕೇರುವ ನಡಿಗೆ. ಅದನ್ನು ಅವಳು ನಿದ್ದೆಯಲ್ಲೂ ಗುರುತು ಹಿಡಿಯಬಲ್ಲಳು. ಮನೆಯಲ್ಲಿ ಆಡುತ್ತಿದ್ದ ನಾಲ್ಕು ಮಾತಿನಲ್ಲಿ ಮೂರು ಹಾಗೆಯೇ ಏರುತ್ತಿದ್ದವು. ಊಟ ಆಯ್ತಾ, ಬಾಗಿಲು ಹಾಕಿದೆಯಾ, ನಿದ್ದೆ ಬಂತಾ. ಅವರು ಏನನ್ನೋ ಕೇಳಿದ್ದರು. ಏನನ್ನು ಎಂಬುದು ಆ ಸೊಳ್ಳೆಯ ಹೊಟ್ಟೆಯಲ್ಲಿತ್ತು.

ಎರಡನೆಯ ಸಲ ಹಾಕಿಸಿದಳು. ಮೂರನೆಯ ಸಲ. ನಾಲ್ಕನೆಯ ಸಲಕ್ಕೆ ಅತ್ತಿಗೆ ಮತ್ತೆ ಮೇಲೆ ಬಂದರು.

"ಗಾಡಿಯವನು ಕೂಗ್ತಿದಾನೆ. ಇನ್ನು ತಡ ಮಾಡಿದ್ರೆ ಸುಡೋ ಕಡೆ ಸರದಿ ತಪ್ಪತ್ತಂತೆ. ಮುಚ್ಚಳ ಹಾಕೋ ಮುಂಚೆ ಒಂದ್ಸಲ ಮುಖ ನೋಡ್ಬಾರದೇನೇ? ಏ, ಕೇಳಿಸ್ತಾ?"

ಹೆಡ್‌ಫೋನಿನ ಆಚೆ ಅತ್ತಿಗೆಯ ತುಟಿ ಆಡುವುದು ಕಂಡಿತು. ಅವಳು ಕೈ ಎತ್ತಿದಳು. ಆಗಲಿ ಎಂದೋ, ಬೇಡ ಬಿಡಿ ಎಂದೋ, ಅತ್ತಿಗೆಗೆ ತಿಳಿಯಲಿಲ್ಲ.

ಕೆಳಗೆ ನಾಲ್ವರು ಪೆಟ್ಟಿಗೆಯ ಸುತ್ತ ನಿಂತರು. ಮ್ಯಾನೇಜರ್ ಇವರ ಕಡೆ ನೋಡಿ, ಇನ್ನಷ್ಟು ಕಾದು, ಎತ್ತಿ ಎಂದು ತಲೆ ಆಡಿಸಿದ.

ಐದನೆಯ ಸಲ. ತಗ್ಗು, ಉಸಿರು, ಏರು. ಏರು ಮುಗಿಯುವ ಮೊದಲೇ ಅವಳ ಬೆರಳು ಮಿಕ್ಸರಿನ ಮೂಲೆಯಲ್ಲಿದ್ದ ಗುಂಡಿಯನ್ನು ಒತ್ತಿತು. ವೇದಿಕೆಯ ಕಡೆಗೆ ಮಾತಾಡುವಾಗಲೆಲ್ಲ ಒತ್ತುತ್ತಿದ್ದ ಅವರ ಬೆರಳಿಗೆ ಸಿಕ್ಕಿ ಬಣ್ಣ ಸವೆದುಹೋಗಿದ್ದ ಗುಂಡಿ ಅದೊಂದೇ. ಅದರ ಪಕ್ಕದ ಗಿಡ್ಡ ಮೈಕಿಗೆ ಬಾಯಿ ತಾಗಿಸಿದಳು.

"ಏನ್ರೀ?" ಎಂದಳು. "ಯಂತ್ರ ನಿಲ್ಲಿಸಿದೀನಿ. ಈಗ ಕೇಳಿಸತ್ತೆ. ಹೇಳಿ."

ವೇದಿಕೆಯ ಪಕ್ಕದಲ್ಲಿ, ಯಾರೂ ಕೂರದ ಆ ಇನ್ನೊಂದು ಮಿಕ್ಸರಿನ ಕೊನೆಯಲ್ಲಿ, ಸಾಸಿವೆಯಷ್ಟು ಹಸಿರು ದೀಪವೊಂದು ಹತ್ತಿ, ಅವಳು ಮಾತಾಡಿದಷ್ಟು ಹೊತ್ತು ಮಿಣುಕಿ, ಆರಿತು. ಅದರ ಅಂಚಿಗೆ ನೇತುಬಿಟ್ಟಿದ್ದ ಹೆಡ್‌ಫೋನಿಗೆ ಪೆಟ್ಟಿಗೆ ಎತ್ತಿದವರಲ್ಲಿ ಒಬ್ಬನ ಮೊಣಕೈ ತಾಕಿತು. ಅದು ತೂಗಾಡತೊಡಗಿತು. ಅವಳು ಗುಂಡಿಯಿಂದ ಬೆರಳು ತೆಗೆಯಲಿಲ್ಲ.